ಬೇವಿನ ಎಲೆ ಹಾಕಿ ಬಿಸಿಲಿಗಿಟ್ಟ ಮುತ್ಯಾ

ಅಲಕ್ಷ್ಯದಿಂದ ಹಾಳಾದ ವಸ್ತುಗಳಿಗಿಂತ ಜೋಪಾನದಿಂದ ಹಾಳಾದವೇ ಈ ಲೋಕದಲ್ಲಿ ಹೆಚ್ಚೆಂದು ನನಗೆ ಈಚೆಗೆ ಅನಿಸತೊಡಗಿದೆ. ಅಲಕ್ಷ್ಯ ಮಾಡುವವನಿಗೆ ಒಂದು ಅನುಕೂಲವಾದರೂ ಇದೆ. ವಸ್ತು ಹಾಳಾದಾಗ "ನಾ ನೋಡೇ ಇಲ್ರಿ" ಎಂದು ಕೈ ಝಾಡಿಸಿಕೊಂಡು ಎದ್ದುಬಿಡಬಹುದು. ಜೋಪಾನ ಮಾಡಿದವನಿಗೆ ಆ ದಾರಿಯೂ ಇಲ್ಲ. ನಾನು ಹುಟ್ಟಾ ಜೋಪಾನದ ಮನುಷ್ಯ. ಚಿತ್ತಾಪುರದ ಒಂದು ಸರಕಾರಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ದಾಖಲೆ ಕೋಣೆ ಕಾಯುತ್ತಿದ್ದೇನೆ. ಯಾರ ಮುತ್ತಜ್ಜನ ಹೊಲದ ಕಾಗದ ಕೇಳಿದರೂ ಹತ್ತು ನಿಮಿಷದಲ್ಲಿ ಧೂಳು ಕೊಡವಿ ಕೈಗಿಡುತ್ತೇನೆ. ನನ್ನ ಸ್ವಂತ ಅಜ್ಜನನ್ನು ಮಾತ್ರ ನಾನೇ ಕೈಯಾರೆ ಪುಡಿ ಮಾಡಿದೆ.

ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಮೂಕಿ ಸಿನಿಮಾದ ನಟ. ಶಹಾಬಾದದ ಗಣಿಯಲ್ಲಿ ಕಲ್ಲು ಒಡೆಯುವ ಮನೆತನದವನು ಒಂದು ದಿನ ಯಾರಿಗೂ ಹೇಳದೆ ವಾಡಿಯಲ್ಲಿ ಮುಂಬೈ ಗಾಡಿ ಹತ್ತಿದನಂತೆ. ಅಲ್ಲಿ ಮೊದಲು ಸಿಕ್ಕಿದ್ದು ಹೆಣದ ಪಾತ್ರ. ಅಲುಗಾಡದೆ ಮಲಗಿದ್ದನ್ನು ಮೆಚ್ಚಿ ರಾಕ್ಷಸನ ಪಾತ್ರ ಕೊಟ್ಟರು, ಆಮೇಲೆ ಋಷಿಯ ಶಿಷ್ಯ, ಆಮೇಲೆ ರಾಜನ ಭಾವಮೈದುನ. ಇವರು ಹೀಗೇ ಒಂದೊಂದೇ ಮೆಟ್ಟಿಲು ಹತ್ತಿಸಿದರೆ ತಾನು ರಾಜನಾಗುವಷ್ಟರಲ್ಲಿ ಹಲ್ಲು ಬಿದ್ದಿರುತ್ತವೆಂದು ಲೆಕ್ಕ ಹಾಕಿ, ಒಂದು ಚಿತ್ರವನ್ನು ತಾನೇ ನಿರ್ದೇಶಿಸಿ ತಾನೇ ರಾಜನಾದ. ಅದು ಮುಗಿಯುವುದಕ್ಕೂ ಸಿನಿಮಾಕ್ಕೆ ಮಾತು ಬರುವುದಕ್ಕೂ ಸರಿಹೋಯಿತು. ಯಾವುದೋ ಕಂಪನಿಯವರು ಇವನನ್ನು ಮೈಕಿನ ಮುಂದೆ ನಿಲ್ಲಿಸಿದರು. ಆರಡಿ ಆಳು, ಗಿರಿಜಾ ಮೀಸೆ. ಬಾಯಿ ತೆರೆದರೆ ಪೀಪಿಯಂಥ ದನಿ, ಅದರ ಮೇಲೆ ನಮ್ಮ ಕಡೆಯ ಉರ್ದು. ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮರುದಿನವೇ ತನ್ನ ಚಿತ್ರದ ರೀಲಿದ್ದ ಒಂದು ತಗಡಿನ ಡಬ್ಬಿ ಬಗಲಿಗಿಟ್ಟುಕೊಂಡು ಊರಿಗೆ ಬಂದವನು, ತನ್ನ ಫೋಟೋಗಳನ್ನೆಲ್ಲ ನೀರೊಲೆಗೆ ಹಾಕಿದ. ಮುಂದೆ ಮನೆಯಲ್ಲೂ ಮಾತಾಡುವುದನ್ನು ಹೆಚ್ಚುಕಡಿಮೆ ಬಿಟ್ಟ. ಕೈಸನ್ನೆ ಕಣ್ಸನ್ನೆಯಲ್ಲೇ ಸಂಸಾರ. ಬಾಯಿಂದ ಬರುತ್ತಿದ್ದದ್ದು "ಇನ್ನೊಮ್ಮಿ" ಎಂಬ ಒಂದೇ ಮಾತು. ಅವನ ಹೆಂಡತಿ, ನಮ್ಮ ಆಯಿ, ನೀರು ತಂದ ಶೈಲಿ ಸರಿಬೀಳದಿದ್ದರೆ "ಇನ್ನೊಮ್ಮಿ". ಆಕೆ ತಂಬಿಗೆ ಸಮೇತ ಒಳಗೆ ಹೋಗಿ ಮತ್ತೆ ನಡೆದು ಬರಬೇಕಿತ್ತು. ಒಂದು ಸಲ ಹಾಗೆ ಹೋದವಳು ಹಿತ್ತಲ ಬಾಗಿಲಿಂದ ಹೊರಬಿದ್ದು ನೆಟ್ಟಗೆ ತವರಿಗೆ, ಸೇಡಂಗೆ ಹೋಗಿಬಿಟ್ಟಳಂತೆ.

ಮುತ್ಯಾ ತೀರಿಕೊಂಡಾಗ ಅವನ ಕಡೆಯ ಮಗಳು, ನಮ್ಮ ಸೋದರತ್ತೆ, ನಾಲ್ಕು ವರ್ಷದ ಕೂಸು. ಈಗ ಎಂಬತ್ತೇಳು, ನಮ್ಮ ಮನೆಯಲ್ಲೇ ಇದ್ದಾಳೆ. ಆಕೆಗೆ ಅಪ್ಪನ ಮುಖ ನೆನಪಿಲ್ಲ. ನೆನಪಿರುವುದು ಹೊಸ್ತಿಲಲ್ಲಿ ಕೂತು, ಅಂಗೈ ಮೇಲೆ ಮಾಡಿ, ಬೆರಳನ್ನು ಒಂದೊಂದಾಗಿ ಮಡಚಿ "ಬಾ" ಎಂದು ಕರೆಯುತ್ತಿದ್ದ ಒಂದು ಕೈ ಮಾತ್ರ. "ಸಾಯೋದ್ರಾಗ ಒಮ್ಮಿ ನಮ್ಮಪ್ಪನ ಮಾರಿ ತೋರ್ಸು ತಮ್ಮಾ. ಮತ್ತೇನೂ ಬ್ಯಾಡ ನನಗ," ಎಂದು ವರ್ಷಗಳಿಂದ ಕೇಳುತ್ತಲೇ ಇದ್ದಳು. ತೋರಿಸುತ್ತೇನೆಂದು ನಾನು ಎದೆ ತಟ್ಟಿ ಹೇಳುತ್ತಿದ್ದೆ. ಡಬ್ಬಿ ನನ್ನ ಬಳಿಯೇ ಇತ್ತಲ್ಲ!

ನಮ್ಮ ಮನೆಯಲ್ಲಿ ಜೋಪಾನವೆಂದರೆ ಒಂದೇ ಪದ್ಧತಿ. ಬೇಸಿಗೆಯಲ್ಲಿ ಜೋಳ, ತೊಗರಿಯನ್ನು ಮಾಳಿಗೆಯ ಮೇಲೆ ಹರವಿ, ಖಡಕ್ ಬಿಸಿಲು ತೋರಿಸಿ, ಬೇವಿನ ಎಲೆ ಬೆರೆಸಿ ತುಂಬಿಟ್ಟರೆ ಹುಳ ಹಿಡಿಯುವುದಿಲ್ಲ. ಆಯಿ ಜೋಳದ ಪಕ್ಕದಲ್ಲೇ ಗಂಡನ ಡಬ್ಬಿಯನ್ನೂ ಮುಚ್ಚಳ ತೆರೆದು ಇಡುತ್ತಿದ್ದಳು. ಅವಳ ನಂತರ ಅಪ್ಪ, ಅಪ್ಪನ ನಂತರ ನಾನು. ರೀಲು ಕೆಂಪು ವಸ್ತ್ರದ ಗಂಟಿನೊಳಗಿತ್ತು. ಗಂಟು ಬಿಚ್ಚಬಾರದೆಂದು ಆಯಿ ಆಣೆ ಹಾಕಿಸಿದ್ದಳು. ಶಹಾಬಾದ ಕಲ್ಲಿನ ಮಾಳಿಗೆ ಮೇ ತಿಂಗಳಲ್ಲಿ ರೊಟ್ಟಿಯ ಹಂಚಿನಂತೆ ಕಾಯುತ್ತದೆ. ನಾನು ಒಂದು ವರ್ಷವೂ ತಪ್ಪಿಸಲಿಲ್ಲ, ಜ್ವರ ಬಂದಾಗಲೂ ಟವೆಲು ಸುತ್ತಿಕೊಂಡು ಮಾಳಿಗೆ ಹತ್ತಿದವನು ನಾನು. ಈಚೀಚೆಗೆ ಡಬ್ಬಿಯಿಂದ ಮೂಗಿಗೆ ಹೊಡೆಯುವ ಒಂದು ವಾಸನೆ ಬರುತ್ತಿತ್ತು. ಹಳೆಯ ಕಲೆ ಹೀಗೇ ನಾರುತ್ತಿರಬೇಕೆಂದು ಬೇವಿನ ಎಲೆಯನ್ನು ಒಂದು ಹಿಡಿ ಹೆಚ್ಚಿಗೆ ಹಾಕಿದೆ.

ಹೋದ ತಿಂಗಳು, ಹಳೆಯ ಚಿತ್ರಗಳನ್ನು ಉಳಿಸುವ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಡಬ್ಬಿಯ ವಿಷಯ ನಾನು ಬರೆದಿದ್ದ ಕಾಗದ ಓದಿ, ವಾಡಿಯಲ್ಲಿ ಗಾಡಿ ಇಳಿದು ನಮ್ಮ ಮನೆಗೆ ಬಂದಳು. ಆಕೆ ಬರೀ ಪರೀಕ್ಷೆ ಮಾಡಲು ಬಂದವಳು. ಅತ್ತೆ ಮಾತ್ರ ಅಂದೇ ಆಟವೆಂದು ತಿಳಿದು, ಪಡಸಾಲೆಯ ಗೋಡೆಗೆ ಬಿಳಿ ಚಾದರ ಕಟ್ಟಿಸಿ, ಇಳಕಲ್ ಸೀರೆ ಉಟ್ಟು ಎದುರಿಗೆ ಕೂತಿದ್ದಳು. "ಇಷ್ಟ್ಯಾಕ ಸಿಂಗಾರ ಅತ್ತಿ?" ಎಂದು ಚಾಷ್ಟಿ ಮಾಡಿದೆ. "ನಾ ಅವನ್ನ ನೋಡಿದ್ರ ಅವಾ ನನ್ನ ನೋಡಂಗಿಲ್ಲೇನು? ಹಳೀ ಸೀರಿ ಮ್ಯಾಲ ಹ್ಯಾಂಗ ಕುಂದ್ರಲಿ?" ಎಂದಳು.

ಒಳಕೋಣೆಯಲ್ಲಿ ಮುಚ್ಚಳ ತೆಗೆದ ಆ ಹೆಣ್ಣುಮಗಳು, "ಇದೇನು ಸರ್ ಎಲೆ?" ಎಂದಳು.

"ಬೇವಿನ ಎಲಿ ಮೇಡಂ. ವರ್ಷಾ ಬಿಸಲಿಗಿಟ್ಟು ಹೊಸಾದು ಹಾಕ್ತೀನ್ರಿ. ಒಂದ್ ಹುಳ ಬಿದ್ದಿಲ್ಲ ನೋಡ್ರಿ!"

ಆಕೆ ನನ್ನ ಮುಖವನ್ನೊಮ್ಮೆ ನೋಡಿ ಗಂಟು ಬಿಚ್ಚಿದಳು. ಒಳಗೆ ಕಂದು ಬಣ್ಣದ ಪುಡಿ, ಅದರಲ್ಲಿ ನಾಲ್ಕು ಜೋಳದ ಕಾಳು. ಹುಳ ಮಾತ್ರ ನಿಜಕ್ಕೂ ಇರಲಿಲ್ಲ.

"ಇದನ್ನು ತಂಪಿನಲ್ಲಿ, ಕತ್ತಲಲ್ಲಿ ಇಡಬೇಕಿತ್ತು ಸರ್. ಕಾದರೆ ತಾನಾಗಿಯೇ ಹೊತ್ತಿ ಉರಿಯುವ ಪದಾರ್ಥ. ನಿಮ್ಮ ಮನೆ ಉಳಿದದ್ದೇ ದೊಡ್ಡದು," ಎಂದು ಮೆಲ್ಲಗೆ ಹೇಳಿದಳು.

ತಂಪು, ಕತ್ತಲು! ಅಂಥದೊಂದು ಗೂಡು ನಮ್ಮ ಅಡುಗೆಮನೆಯ ಕಲ್ಲುಗೋಡೆಯಲ್ಲೇ ಇದೆ. ಅಲ್ಲಿ ನಾನು ಮಜ್ಜಿಗೆ ಗಡಿಗೆ ಇಟ್ಟಿದ್ದೇನೆ. ನಮ್ಮ ಮನೆಯಲ್ಲಿ ಒಬ್ಬನೇ ಒಬ್ಬ ಸೋಮಾರಿ ಹುಟ್ಟಿ, ಆ ಡಬ್ಬಿಯನ್ನು ಅಲ್ಲೆಲ್ಲೋ ಒಗೆದು ಮರೆತಿದ್ದರೆ ಮುತ್ಯಾ ಉಳಿಯುತ್ತಿದ್ದನೇನೋ. ನನಗೆ ಅಳು ಬಂತು. ಐವತ್ತೆಂಟರ ಗಂಡಸು ಪರಸ್ಥಳದ ಹೆಣ್ಣುಮಗಳ ಎದುರು ಬೇವಿನ ಎಲೆ ಹಿಡಿದುಕೊಂಡು ಅತ್ತುಬಿಟ್ಟೆ.

ಹೊರಗೆ ಬಂದೆ. ಅತ್ತೆ ಕತ್ತೆತ್ತಿ, "ಸುರು ಮಾಡ್ತಾರೇನೋ?" ಎಂದಳು. ಹೇಳಬೇಕೆಂದು ಬಾಯಿ ತೆರೆದರೆ ದನಿಯೇ ಹೊರಡಲೊಲ್ಲದು. ತುಟಿ ಅಲುಗಿತು. ಒಳಕೋಣೆಯ ಕಡೆ ಕೈ ಮಾಡಿದೆ, ಮಾಳಿಗೆಯ ಕಡೆ ಮಾಡಿದೆ, ಕೊನೆಗೆ ಬರಿದಾದ ಅಂಗೈಯನ್ನು ಆಕೆಯ ಮುಂದೆ ಹಿಡಿದು, ಏನೂ ಉಳಿದಿಲ್ಲವೆಂದು ಬೆರಳನ್ನು ಒಂದೊಂದಾಗಿ ಮಡಚಿದೆ. ಅತ್ತೆ ನನ್ನ ಕೈಯನ್ನೇ ಬಹಳ ಹೊತ್ತು ನೋಡಿದಳು. ಆಕೆಗೆ ಎಲ್ಲ ತಿಳಿದುಹೋಗಿತ್ತು. ಕಣ್ಣೊರೆಸಿಕೊಂಡು, "ಇನ್ನೊಮ್ಮಿ," ಎಂದಳು.

ಅಂದಿನಿಂದ ದಿನಾ ಕಚೇರಿಯಿಂದ ಬಂದು ಚಪ್ಪಲಿ ಬಿಟ್ಟ ಕೂಡಲೇ ನಾನು ಹೊಸ್ತಿಲಲ್ಲಿ ಕೂತು ಕೈ ಮಾಡಿ ತೋರಿಸಬೇಕು. "ಹಾಂಗಲ್ಲೋ, ಕಿರಿಬೆರಳು ಮದ್ಲ. ಇನ್ನೊಮ್ಮಿ," ಎನ್ನುತ್ತಾಳೆ. ಒಂದು ದಿನವೂ ಸರಿಯಾಯಿತು ಎಂದಿಲ್ಲ. ಊರಿನ ಕಾಗದಗಳ ಮೇಲೆಲ್ಲ "ಮೂಲದೊಡನೆ ತಾಳೆ ನೋಡಲಾಗಿದೆ" ಎಂದು ಇಪ್ಪತ್ತಾರು ವರ್ಷ ಠಸ್ಸೆ ಹೊಡೆದ ಕೈ ಇದು. ಈಗ ಇದೇ ನಕಲು, ಮತ್ತು ಮೂಲವನ್ನು ಬಿಸಿಲಿಗಿಟ್ಟದ್ದೂ ಇದೇ.