ಲೋಕರಕ್ಷಕರೂ ಮಾವನ ಪೊರೆಯೂ

ಜಗತ್ತಿನ ಸಮಸ್ತ ಸೂಪರ್‌ಹೀರೋಗಳಿಗೂ ಬುದ್ಧಿ ಹೇಳಿರುವ ಏಕೈಕ ಮನುಷ್ಯ ನನ್ನ ಸೋದರಮಾವ. ಅವರಲ್ಲಿ ಒಬ್ಬನೂ ಕೇಳಿಲ್ಲ, ಆ ಮಾತು ಬೇರೆ! ಕತ್ರಿಗುಪ್ಪೆಯ ಮನೆಯಲ್ಲಿ ಸೋಫಾದ ಮೇಲೆ ಕಾಲು ಮಡಚಿ ಕೂತು, ಟೀವಿಯಲ್ಲಿ ಹಾರಿ ಬರುತ್ತಿರುವವನಿಗೆ, "ನಿಧಾನ ಕಣಯ್ಯಾ, ಕರೆಂಟ್ ವೈರ್ ಇರುತ್ತೆ" ಎಂದು ಎಚ್ಚರಿಸುತ್ತಾರೆ. ಅವನು ಹಾರುವುದಕ್ಕೆ ಮಾವನ ಆಕ್ಷೇಪವಿಲ್ಲ. ಆಕ್ಷೇಪವೆಲ್ಲ ಅವನ ಬಟ್ಟೆಯ ಬಗ್ಗೆ.

"ಜೇಬೇ ಇಲ್ಲದ ಪ್ಯಾಂಟ್ ಹಾಕ್ಕೊಂಡು ಲೋಕ ಕಾಪಾಡೋಕೆ ಹೊರಟಿದ್ದಾನಲ್ಲೋ! ಮನೆ ಬೀಗದಕೈ ಎಲ್ಲಿಟ್ಕೋತಾನೆ?"

"ಮಾವ, ಅವ್ನು ಗೋಡೆ ಒಡ್ಕೊಂಡೇ ಒಳಗೆ ಹೋಗ್ತಾನೆ."

"ಅದೇ ಮತ್ತೆ! ಬೀಗದಕೈ ಕಳ್ಕೊಂಡೋರ ಲಕ್ಷಣ ಅದು."



ಕ್ರಿಕೆಟ್ಟಿನ ವಿಷಯದಲ್ಲೂ ಅಷ್ಟೇ. ನಮ್ಮೂರಿನ ಟೀಮಿನ ಫೀಲ್ಡಿಂಗ್ ಹೇಗಿರಬೇಕೆಂದು ಮಾವ ಮಸಾಲೆ ದೋಸೆಯನ್ನು ಮುಂದಿಟ್ಟುಕೊಂಡು ವಿವರಿಸುತ್ತಾರೆ. ಪಲ್ಯವನ್ನೆಲ್ಲ ನಡುವೆ ಗುಡ್ಡೆ ಹಾಕುವ ಭಟ್ಟನೂ, ಫೀಲ್ಡರುಗಳನ್ನೆಲ್ಲ ಪಿಚ್ಚಿನ ಸುತ್ತ ಗುಡ್ಡೆ ಹಾಕುವ ಕ್ಯಾಪ್ಟನ್ನೂ ಅವರ ಪ್ರಕಾರ ಒಂದೇ ಶಾಲೆಯಲ್ಲಿ ಓದಿದವರು. ಒಮ್ಮೆ ಜಯನಗರದ ಹೋಟೆಲೊಂದರಲ್ಲಿ ಇದನ್ನು ಭಟ್ಟರನ್ನೇ ಕರೆಸಿ ಹೇಳಿದರು. ಭಟ್ಟರು ಪೂರ್ತಿ ಕೇಳಿಸಿಕೊಂಡು, "ಸಾರ್, ನಮ್ಮಲ್ಲಿ ಯಾರೂ ಕ್ಯಾಚ್ ಬಿಡಲ್ಲ" ಎಂದು ಒಳಗೆ ಹೋದರು. ಮಾವ ಈಗಲೂ ಆ ಭಟ್ಟರನ್ನು ಆಯ್ಕೆ ಸಮಿತಿಗೆ ಹಾಕಬೇಕು ಅನ್ನುತ್ತಾರೆ.

ಇಂಥ ಮಹಾನುಭಾವರ ಎರಡೂ ಕಣ್ಣಿಗೆ ಪೊರೆ ಬಂತು.

ಬಂದದ್ದು ಯಾವಾಗ ಅಂದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ನನಗೆ ಗೊತ್ತಾಗಿದ್ದು ಜಯನಗರ ನಾಲ್ಕನೇ ಬ್ಲಾಕಿನ ಸೀರೆ ಅಂಗಡಿಯ ಮುಂದೆ. ಗಾಜಿನಾಚೆ ರೇಷ್ಮೆ ಉಟ್ಟು ನಿಂತಿದ್ದ ಬೊಂಬೆಯೊಂದಕ್ಕೆ ಮಾವ ಹಿಂದಿನ ದಿನದ ಪಂದ್ಯವನ್ನು ವಿಶ್ಲೇಷಿಸುತ್ತಿದ್ದರು. ಎಳೆದುಕೊಂಡು ಬಂದಾಗ, "ಯಾರ ಮನೆ ಹುಡುಗೀನೋ, ಒಂದು ಮಾತೂ ಎದುರಾಡ್ಲಿಲ್ಲ" ಎಂದು ಮೆಚ್ಚಿಕೊಂಡರು. ಇದನ್ನು ನಾನು ಕಣ್ಣಾರೆ ಕಂಡಂತೆ ಬರೆಯುತ್ತಿದ್ದೇನೆ. ನಿಜಕ್ಕೂ ಕಂಡೆನೇ, ಅಥವಾ ಅತ್ತೆ ಹೇಳಿದ್ದನ್ನು ಕೇಳಿ ನನ್ನ ನೆನಪು ಅಲ್ಲಿಗೊಂದು ಕುರ್ಚಿ ತರಿಸಿಕೊಂಡು ಕೂತಿತೇ, ಆಣೆ ಮಾಡಿ ಹೇಳಲಾರೆ. ಬೊಂಬೆ ಇದ್ದದ್ದು ನಿಜ. ಅದರ ಸೀರೆಯ ಬಣ್ಣವನ್ನು ಅತ್ತೆ ಒಂದೊಂದು ಸಲ ಒಂದೊಂದು ಹೇಳುತ್ತಾರೆ.

ಪೊರೆಯಿಂದ ಮನೆಯಲ್ಲಿ ಆದ ದೊಡ್ಡ ಬದಲಾವಣೆ ಅಂದರೆ ಅತ್ತೆ ಟೀವಿಯಿರುವ ಹಾಲ್‌ಗೆ ಬಂದರು. ಅಲ್ಲಿಯವರೆಗೆ ಪಂದ್ಯವಿದ್ದ ದಿನ ಅವರ ಜಾಗ ಅಡುಗೆಮನೆ; ಕಾಫಿ ಕೊಡಲು ಬಂದರೂ "ಅಡ್ಡ ಬರ್ಬೇಡ ಕಣೇ, ಬೌಲರ್ ಓಡಿ ಬರ್ತಿದ್ದಾನೆ!" ಎಂದು ಮಾವ ಓಡಿಸುತ್ತಿದ್ದರು. ಈಗ ಅತ್ತೆಯೇ ಸೋಫಾದ ಮೇಲೆ ಮಾವನ ಪಕ್ಕ ಕೂತು ಸ್ಕೋರು ಓದಬೇಕು. ಇಂಗ್ಲಿಷ್ ಸಿನಿಮಾ ಆದರೆ ಕೆಳಗೆ ಬರುವ ಅಕ್ಷರಗಳನ್ನೂ ಓದಿ ಕನ್ನಡದಲ್ಲಿ ಹೇಳಬೇಕು. ಆ ವೀರರ ಇಂಗ್ಲಿಷು ಮಾವನ ಕಿವಿಗೆ ಹತ್ತುವುದಿಲ್ಲ. ಓದಿಕೊಳ್ಳೋಣ ಅಂದರೆ ಕಣ್ಣಿಲ್ಲ.

ನಾವೆಲ್ಲ ಸೇರಿ ಆಪರೇಷನ್ನಿಗೆ ಒತ್ತಾಯ ಮಾಡಿದೆವು. ಸಿಗ್ನಲ್ಲಿನಲ್ಲಿ ಕೆಂಪು ದೀಪವನ್ನು ಹಸಿರೆಂದುಕೊಂಡು ಮಾವ ನೀರಿನ ಟ್ಯಾಂಕರಿನ ಮುಂದೆ ನುಗ್ಗಿದ ಮೇಲಂತೂ ಅತ್ತೆಗೆ ನಿದ್ದೆ ಬಿಟ್ಟುಹೋಯಿತು. ಜೆ.ಪಿ. ನಗರದ ಕಣ್ಣಿನ ಡಾಕ್ಟರ ಹತ್ತಿರ ಮಾವನನ್ನು ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ.

"ಅಂಕಲ್, ಪೊರೆ ಚೆನ್ನಾಗಿ ಬಲ್ತಿದೆ. ತೆಗೆದ್ಬಿಡೋಣ."

"ಪೊರೆ ಅಂದ್ರೆ ಏನು ಅರ್ಥ ಗೊತ್ತೇನಮ್ಮಾ? ಕಾಪಾಡು ಅಂತ! 'ಪೊರೆಯೋ ತಂದೆ' ಅಂತ ದೇವ್ರನ್ನ ಕೇಳ್ಕೊಳಲ್ವಾ? ಕಾಪಾಡೋಕೆ ಬಂದಿರೋದನ್ನ ಯಾರಾದ್ರೂ ಕತ್ತರಿಸ್ತಾರಾ?"

"ಹಾವೂ ಪೊರೆ ಬಿಡುತ್ತೆ ಅಂಕಲ್. ಬಿಟ್ಟ ಮೇಲೇ ಅದು ಚುರುಕಾಗೋದು."

ಮಾವ ಕ್ಲೀನ್ ಬೌಲ್ಡ್! ನಾನು ಬಿಲ್ಲಿನ ಬಗ್ಗೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಥರ್ಡ್ ಅಂಪೈರಿಗೆ ಹೋದರು. ಪೊರೆ ಬಂದಾಗಿನಿಂದ ನಮ್ಮೂರಿನ ಟೀಮು ಗೆಲ್ಲುತ್ತಿದೆಯಂತೆ. ಗೆಲ್ಲುತ್ತಿರುವಾಗ ಅಭಿಮಾನಿಯಾದವನು ಕೂತ ಜಾಗ ಬದಲಿಸಬಾರದು, ಉಟ್ಟ ಪಂಚೆ ಬದಲಿಸಬಾರದು; ಇನ್ನು ಕಣ್ಣು ಬದಲಿಸುವುದೆ? "ನಾಳೆ ಸೋತ್ರೆ ನೀವು ಜವಾಬ್ದಾರೀನಾ ಡಾಕ್ಟ್ರೇ?" ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅವರೂ ಅದೇ ಟೀಮಿನ ಅಭಿಮಾನಿಯಂತೆ! "ಸರಿ ಅಂಕಲ್, ಈ ಸೀಸನ್ ಮುಗೀಲಿ" ಎಂದುಬಿಟ್ಟರು. ವೈದ್ಯಶಾಸ್ತ್ರ ಇಂಥವರ ಕೈಯಲ್ಲಿದೆ, ನೋಡಿ.

ಆ ನಡುವೆ ಒಂದು ದಿನ ಇಬ್ಬರನ್ನೂ ಮಾಲಿನಲ್ಲಿ ಸಿನಿಮಾಕ್ಕೆ ಕರೆದುಕೊಂಡು ಹೋದೆ. ತೆರೆಯ ಮೇಲೆ ಕೊಂಬಿನ ಖಳನಾಯಕ ಭೂಮಿಯನ್ನು ಬೂದಿ ಮಾಡುವುದಾಗಿ ಆರ್ಭಟಿಸಿದ.

"ಏನಂತೆ ಕಣೇ?" ಮಾವ ಕೇಳಿದರು.

"ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಅಂತಿದ್ದಾನೆ," ಅಂದರು ಅತ್ತೆ.

"ಓನರ್ರಾ?"

"ಹೂಂ, ಓನರ್ರೇ ಇರ್ಬೇಕು. ದನಿ ನೋಡಿ."

ನಾಯಕಿ ಬ್ರಹ್ಮಾಂಡದ ರಹಸ್ಯ ಬಿಚ್ಚಿಟ್ಟಳು. "ಸೊಪ್ಪು ತರೋದು ಮರೆತ್ರಾ ಅಂತ ಕೇಳ್ತಿದ್ದಾಳೆ." ಹೀರೋ ಬೆನ್ನಿನ ಹೊದಿಕೆ ಹಾರಿಸಿಕೊಂಡು ಆಕಾಶಕ್ಕೆ ನೆಗೆದ. "ತರೋಕೆ ಹೊರಟ," ಎಂದರು ಮಾವ, ತಾವೇ.

ನನಗೆ ಜ್ಞಾನೋದಯವಾಯಿತು. ಪೊರೆ ಬಂದಾಗಿನಿಂದ ಮಾವ ಸೂಪರ್‌ಹೀರೋಗಳ ಸಂಸಾರದ ಬಗ್ಗೆ ಕೊಡುತ್ತಿದ್ದ ಒಳನೋಟಗಳೆಲ್ಲ ಅತ್ತೆಯ ಕಾರ್ಖಾನೆಯದು! ಇಂಟರ್‌ವಲ್ಲಿನಲ್ಲಿ ಪಾಪ್‌ಕಾರ್ನಿನ ಸಾಲಿನಲ್ಲಿ ಅತ್ತೆಯನ್ನು ಹಿಡಿದೆ.

"ಅತ್ತೆ, ಅವ್ನು ಮನೆ ಖಾಲಿ ಮಾಡಿ ಅಂತ ಎಲ್ಲಿ ಹೇಳಿದ?"

"ಮೆತ್ತಗೆ ಮಾತಾಡೋ! ನಾನು ಒಂದು ಪದ ಓದೋಷ್ಟರಲ್ಲಿ ಸಾಲೇ ಮಾಯ ಆಗಿರುತ್ತೆ. ಸುಮ್ನೆ ಕೂತ್ರೆ ಅವ್ರಿಗೆ ಬೇಜಾರು. ಅದಕ್ಕೇ ಮೊದ್ಲು ಒಂದೆರಡು ಸೇರಿಸ್ದೆ. ಆಮೇಲೆ..." ನಕ್ಕರು. ಹಾಗೇ ನಗು ನಿಲ್ಲಿಸಿದರು. "ಆಪರೇಷನ್ ಆಗ್ಲೇಬೇಕು ಕಣೋ. ದಿನಾ ದೇವ್ರಿಗೆ ಹೇಳ್ಕೋತೀನಿ. ಆದ್ರೆ ಕಣ್ಣು ಬಂದ ದಿನ ಎಲ್ಲಾ ಗೊತ್ತಾಗುತ್ತಲ್ಲ. ಆಮೇಲೆ ನಾನು ಅಡುಗೆಮನೇಗೆ ವಾಪಸ್ಸು."

ಕ್ಯಾರಮೆಲ್ ಬೇಕೋ ಉಪ್ಪಿನದೋ ಎಂದು ಕೇಳಿದೆ. ನನ್ನ ಧೈರ್ಯವೇ ಅಷ್ಟು.

ಸೀಸನ್ನಿನ ಕೊನೆಗೆ, ಗೆದ್ದೇ ಬಿಟ್ಟೆವು ಅನ್ನುವ ಪಂದ್ಯದಲ್ಲಿ, ನಮ್ಮ ಟೀಮು ಎಂದಿನ ಘನತೆಯಿಂದ ಸೋತಿತು. ಮರುದಿನ ಬೆಳಿಗ್ಗೆಯೇ ಮಾವನ ಫೋನು. "ಈ ಪೊರೆ ಯಾರನ್ನೂ ಪೊರೆಯಲ್ಲ ಕಣೋ. ನಡಿ, ಕೀಳಿಸಿಬಿಡೋಣ." ಒಂದು ಕಣ್ಣಾಯಿತು, ಕೆಲವು ವಾರ ಬಿಟ್ಟು ಇನ್ನೊಂದೂ ಆಯಿತು. ಕಪ್ಪು ಕನ್ನಡಕ ತೆಗೆದ ದಿನ ಮಾವ ಎದುರು ಮನೆಯ ಗೇಟಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣದ ಸಣ್ಣಕ್ಷರ, ನನ್ನ ಬೋಳು ತಲೆ, ಎಲ್ಲವನ್ನೂ ಜೋರಾಗಿ ಓದಿದರು. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿ ಅಡುಗೆಮನೆಗೆ ಹೋದರು. ಸಂಜೆ ಬೇರೆ ಯಾವುದೋ ಪಂದ್ಯ ಹಾಕಿದಾಗಲೂ ಹೊರಗೆ ಬರಲಿಲ್ಲ. ಮಾವ ಸ್ಕೋರನ್ನು ತಾವೇ ಓದಿಕೊಂಡರು. ಅದೇಕೋ ಅರ್ಧಕ್ಕೇ ಟೀವಿ ಆರಿಸಿದರು.

"ಹೊಸ ಕಣ್ಣಿಗೆ ಹೊಸ ಸಿನಿಮಾ" ಎಂದು ಟಿಕೆಟ್ ತೆಗೆಸಿದ್ದೂ ಮಾವನೇ. ಯಾವ ಸಿನಿಮಾ ಅಂತ ಕೇಳಬೇಡಿ, ಆ ಜಾತಿಯ ಚಿತ್ರಗಳೆಲ್ಲ ನನ್ನ ತಲೆಯಲ್ಲಿ ಒಂದರೊಳಗೊಂದು ಕಲಸಿಹೋಗಿವೆ. ಬರುವುದಿಲ್ಲ ಅಂದ ಅತ್ತೆಯನ್ನು ಹೊರಡಿಸುವುದರಲ್ಲೇ ಸಾಕಾಯಿತು. ನನ್ನ ಪಕ್ಕ ಮಾವ; ಅವರ ಆ ಪಕ್ಕ ಅತ್ತೆ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಹಾಗೆ ಕೈಕಟ್ಟಿ, ಬಾಯಿ ಮುಚ್ಚಿ ಕೂತಿದ್ದರು. ಮಾವ ಅಕ್ಷರಗಳನ್ನು ಓದುತ್ತಿದ್ದರು. ತುಟಿ ಅಲ್ಲಾಡುವುದು ನನಗೆ ಕಾಣುತ್ತಿತ್ತು. ಹೀರೋ ಮುರಿದುಬಿದ್ದ ಊರಿನ ನಡುವೆ ಒಬ್ಬನೇ ನಿಂತು ಉದ್ದಕ್ಕೆ ಏನೋ ಹೇಳಿದ. ಮಾವ ಅದನ್ನೂ ಪೂರ್ತಿ ಓದಿ, ಅತ್ತೆಯ ಕಡೆಗೆ ಬಾಗಿದರು.

"ಏನಂತಾನೆ ಕಣೇ?"

"ನೀವೇ ಓದ್ಕೊಳ್ರೀ. ಈಗ ಕಾಣುತ್ತಲ್ಲ."

"ಕಾಣುತ್ತೆ. ಲೋಕ ಕಾಪಾಡ್ತೀನಿ ಅಂತೇನೋ ಬರ್ದಿದ್ದಾರೆ. ಅದು ಬಿಡು. ಅವ್ನು ಏನಂತಾನೆ, ನೀನು ಹೇಳು."

ಅತ್ತೆ ತೆರೆಯತ್ತ ನೋಡಿದರು. ಅಲ್ಲಿ ಆಗಲೇ ಬೇರೆ ಯಾರೋ ಹೊಡೆದಾಡುತ್ತಿದ್ದರು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದರು:

"ಸುಸ್ತಾಗಿದೆಯಂತೆ ಅವ್ನಿಗೆ. ಪಕ್ಕದಲ್ಲಿ ಯಾರಾದ್ರೂ ಸ್ವಲ್ಪ ಹೊತ್ತು ಕೂತ್ಕೊಂಡ್ರೆ ಸಾಕಂತೆ."

ಮಾವ ತಲೆಯಾಡಿಸಿದರು. "ನೋಡು," ಎಂದರು ನನ್ನ ಕಡೆ ತಿರುಗಿ, "ಇವನೊಬ್ಬ ಸರಿಯಾಗಿ ಮಾತಾಡ್ತಾನೆ."