ಅಮೋಘಸಿದ್ದಪ್ಪನ ಕಾರ್ ರೇಸು, ಚಿಗವ್ವನ ಮುಯ್ಯಿ

ಕಾರ್ ರೇಸಿನಲ್ಲಿ ಎಲ್ಲಕ್ಕಿಂತ ಜೋರಾಗಿ ಓಡುವುದು ಯಾವುದು ಎಂದು ಕೇಳಿದರೆ ಅಮೋಘಸಿದ್ದಪ್ಪ ಯಾವ ಕಾರಿನ ಹೆಸರನ್ನೂ ಹೇಳುತ್ತಿರಲಿಲ್ಲ. "ಟಿಕೀಟಿನ ರೇಟು" ಎನ್ನುತ್ತಿದ್ದ. ಹೇಳುವಾಗ ಅವನ ದನಿಯಲ್ಲಿ ಸ್ವಂತ ಜಮೀನು ಒತ್ತುವರಿಯಾದವನ ನೋವಿರುತ್ತಿತ್ತು.

ಅವನ ಮನೆ ಬಸವಕಲ್ಯಾಣದಲ್ಲಿ, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಹುಮನಾಬಾದಿನಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುವ ಈ ಮನುಷ್ಯನಿಗೆ ಕಾರು ಓಡಿಸಲು ಬರುವುದಿಲ್ಲ. (ಇದು ಅವನ ಅಭಿಮಾನಕ್ಕೆ ಎಂದೂ ಅಡ್ಡಿಯಾಗಿಲ್ಲ.) ಟಿವಿಯಲ್ಲಿ ರೇಸು ಬಂದರೆ ಸಾಕು, ಊಟಕ್ಕೆ ಕೂತವನು ತಾಟನ್ನೇ ಎರಡೂ ಕೈಯಲ್ಲಿ ಹಿಡಿದು ತಿರುವಿಗೆ ತಕ್ಕಂತೆ ವಾಲುತ್ತಿದ್ದ. ಎಡ ತಿರುವಿಗೆ ಪಲ್ಲೆ ಅವನ ತೊಡೆಗೆ, ಬಲ ತಿರುವಿಗೆ ಹೆಂಡತಿ ವಿದ್ಯಾವತಿಯ ಸೀರೆಗೆ.

ಅವನಿಗಿದ್ದದ್ದು ಒಂದೇ ಆಸೆ. ಜೀವಮಾನದಲ್ಲಿ ಒಮ್ಮೆ ಆ ಸದ್ದನ್ನು ಟಿವಿಯ ಡಬ್ಬಿಯಿಂದಲ್ಲ, ಎದುರಿಗೇ ನಿಂತು, ತನ್ನ ಎದೆಗೂಡಿನಲ್ಲೇ ಕೇಳಬೇಕು. ಹೈದರಾಬಾದಿನ ನಡುವೆ ರಸ್ತೆಗೆ ಗೋಡೆ ಕಟ್ಟಿ ರೇಸು ಶುರುಮಾಡಿದಾಗ, ದೇವರೇ ಹೆದ್ದಾರಿ ಹಿಡಿದು ತನ್ನ ಕಡೆ ಬಂದನೆಂದು ಕುಣಿದಾಡಿದ್ದ. ಆದರೆ ಮೊದಲ ವರ್ಷದ ಟಿಕೆಟ್ಟು ವಿದ್ಯಾವತಿಯ ಅಳತೆಯಲ್ಲಿ ಒಂದು ಇಳಕಲ್ ಸೀರೆ. ಮರುವರ್ಷ ಅದು ಮಿಕ್ಸರ್ ಆಯಿತು. ಈ ವರ್ಷ ವಾಷಿಂಗ್ ಮಷೀನು.

"ಅದೇ ಕಾರು, ಅದೇ ರಸ್ತಾ. ರೇಟು ಯಾಕ ಏರ್ತದ್ರಿ?" ಎಂದಳು ವಿದ್ಯಾವತಿ, ಬಟ್ಟೆ ಹಿಂಡುತ್ತ.

"ಎಲ್ಲಾದೂ ಏರಾಕತ್ತದ. ತೊಗರಿ ರೇಟು ಏರಿಲ್ಲೇನು?"

"ತೊಗರಿ ಏರಿದ್ರೂ ಮನೀಗಿ ಬ್ಯಾಳಿನರ ಬರ್ತದ. ನಿಮ್ಮ ರೇಸಿನಿಂದ ಏನ್ ಬರ್ತದ?"

"ಆನಂದ."

"ಎಷ್ಟ ಕಿಲೋ?"

ಅಮೋಘಸಿದ್ದಪ್ಪ ಎದ್ದು ಅಂಗಡಿಗೆ ಬಸ್ಸು ಹಿಡಿದ.

ಆದರೆ ಈ ಸಲ ಅವನು ಟಿಕೆಟ್ ತೆಗೆಸಿಯೇ ಬಿಟ್ಟ. ಅದಕ್ಕೆ ದುಡ್ಡು ಹೇಗೆ ಉಳಿಯಿತೆಂಬುದನ್ನು ಹೆಂಡತಿಗೆ ಹೇಳದಿದ್ದರೂ ಓದುಗರಿಗೆ ಹೇಳಬೇಕು. ವಿದ್ಯಾವತಿಯ ಚಿಗವ್ವ, ಅಂದರೆ ಚಿಕ್ಕಮ್ಮ, ಸಂಗಮ್ಮ ಹೈದರಾಬಾದಿನಲ್ಲಿದ್ದಾಳೆ. ತಾಯಿಯಿಲ್ಲದ ವಿದ್ಯಾವತಿಯನ್ನು ಬೆಳೆಸಿದವಳು ಅವಳೇ. ಇವರ ಮದುವೆಯಲ್ಲಿ ಚಿಗವ್ವ ಒಂದು ಬೆಳ್ಳಿ ತಾಟು ಮುಯ್ಯಿ ಮಾಡಿದ್ದಳು. ಮುಯ್ಯಿ ಎಂದರೆ ಕೊಟ್ಟವರ ಮನೆಯ ಕಾರ್ಯಕ್ಕೆ ತಿರುಗಿ ಮಾಡಬೇಕಾದದ್ದು. ಬಂದದ್ದಕ್ಕಿಂತ ತೂಕ ತುಸು ಹೆಚ್ಚೇ ಇರಬೇಕು. ಹಿಂದೊಮ್ಮೆ ಚಿಗವ್ವ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಕರೆದಾಗ ಅಮೋಘಸಿದ್ದಪ್ಪ ಬೆಳ್ಳಿ ಅಂಗಡಿಯ ಕಡೆ ಹೋದ, ರೇಟು ಕೇಳಿದ, ಬೆವರೊರೆಸಿಕೊಂಡು ವಾಪಸು ಬಂದ. "ಅಂಗಡ್ಯಾಗ ಕೆಲಸ ಭಾಳ ಅದ" ಎಂದುಬಿಟ್ಟ. ಗಂಡನಿಲ್ಲದೆ, ಮುಯ್ಯಿ ಇಲ್ಲದೆ ಯಾವ ಮುಖ ಹೊತ್ತು ಹೋಗಲಿ ಎಂದು ವಿದ್ಯಾವತಿಯೂ ಕಣ್ಣೊರೆಸಿಕೊಂಡು ಉಳಿದಳು. ಹೀಗೆ ಉಳಿದ ಬೆಳ್ಳಿಯೇ ಈಗ ಟಿಕೆಟ್ಟಾಗಿ ಅವನ ಜೇಬಿನಲ್ಲಿತ್ತು.

"ನೀವು ರೇಸಿಗಿ ಹೋಗ್ರಿ. ಅದೇ ಬಸ್ಸಿಗಿ ನಾನೂ ಚಿಗವ್ವನ ಮನೀಗಿ ಹೋಗ್ತೀನಿ" ಎಂದಳು ವಿದ್ಯಾವತಿ. "ಬೆಳ್ಳಿ ಇಲ್ದಿದ್ರ ಇಲ್ಲ, ನಮ್ಮೂರ ಜ್ವಾಳರ ಒಯ್ತೀನಿ. ನೀವೂ ಮೊದಲ ಅಲ್ಲಿಗಿ ಬರ್ರಿ, ಒಂದ್ ತುತ್ತು ಉಂಡು ಹೋಗ್ರಿ."

"ಬಂದ್ರ ಅಳಿಯನಾಗಿ ಬರಬೇಕಾಗ್ತದ. ಅಳಿಯ ಬರಿಗೈಲೆ ಬರಾಕ ಆಗೂದಿಲ್ಲ. ಈ ಸಲ ನಾ ಬರೇ ಪ್ರೇಕ್ಷಕ."

"ಮನಿ ಎಲ್ಲಿ ಅದ ಅಂತನರ ಕೇಳ್ರಿ."

"ಹೈದರಾಬಾದಿನಾಗ ಅದ. ಅಷ್ಟು ಸಾಕು."

ಹೈದರಾಬಾದಿನಲ್ಲಿ ಬಸ್ಸಿಳಿದ ಮೇಲೆ ವಿದ್ಯಾವತಿಯೊಡನೆ ಜೋಳದ ಚೀಲ ಒಂದು ಆಟೋ ಹತ್ತಿತು, ಪ್ರೇಕ್ಷಕ ಮಹಾಶಯ ಇನ್ನೊಂದು ಆಟೋ ಹತ್ತಿದ.

ರೇಸಿನ ಗೇಟಿನಲ್ಲಿ ಮೊದಲ ತಡೆ ಬಂತು. ವಿದ್ಯಾವತಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಚಟ್ನಿಯ ಬುತ್ತಿಗೆ ಒಳಗೆ ಪ್ರವೇಶವಿರಲಿಲ್ಲ. ಒಳಗೆ ಮಾರುತ್ತಿದ್ದ ಬ್ರೆಡ್ಡಿನ ಬೆಲೆ ಕೇಳಿದ ಮೇಲೆ ರೊಟ್ಟಿ ಬಿಸಾಡುವ ಮಾತೇ ಇರಲಿಲ್ಲ. ಅಮೋಘಸಿದ್ದಪ್ಪ ಗೇಟಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಕಾವಲುಗಾರನಿಗೂ ಒಂದು ರೊಟ್ಟಿ ಕೊಟ್ಟು, ಬುತ್ತಿ ಮುಗಿಸಿದ. ಅಷ್ಟರಲ್ಲಿ ಒಳಗೆ ಆರಂಭದ ಆರ್ಭಟ ಮುಗಿದಿತ್ತು. ನೆತ್ತಿ ಸುಡುತ್ತಿದ್ದುದರಿಂದ ಒಂದು ಕೆಂಪು ಟೋಪಿ ಕೊಂಡ. (ಕೊಂಡನೋ ಹಾಕಿಸಿಕೊಂಡನೋ, ಬೆಲೆ ಕೇಳಿದವರು ತೀರ್ಮಾನಿಸಬೇಕು.)

ಅವನ ಟಿಕೆಟ್ಟು ಎಲ್ಲಕ್ಕಿಂತ ಅಗ್ಗದ ಸಾಲಿನದು. ಎದುರಿಗೆ ಕಾಂಕ್ರೀಟ್ ಗೋಡೆ, ಗೋಡೆಯ ಮೇಲೆ ತಂತಿಜಾಳಿಗೆ, ಜಾಳಿಗೆಯ ಮೇಲೆ ಹಾಸಿಗೆಯ ಜಾಹೀರಾತು. ಹಾಸಿಗೆಗೂ ಗೋಡೆಗೂ ನಡುವೆ ಒಂದು ಕೈ ಅಗಲದ ಸಂದು. ಆ ಸಂದಿನಲ್ಲಿ ಝೂಂ ಎಂದು ಏನೋ ಒಂದು ಬಣ್ಣ ಹೋಗುತ್ತಿತ್ತು. ಕತ್ತು ತಿರುಗಿಸುವಷ್ಟರಲ್ಲಿ ಬಣ್ಣವೂ ಇಲ್ಲ. ಸದ್ದು ಮಾತ್ರ ಎದೆಗೂಡನ್ನು ತಟ್ಟಿತು, ನಿಜ. ಅದಕ್ಕೆ ಅವನ ಕಣ್ಣು ಒದ್ದೆಯಾದದ್ದೂ ನಿಜ. ಆದರೆ ಗೆಲ್ಲುತ್ತಿರುವವರು ಯಾರೆಂದು ಪಕ್ಕದವನನ್ನು ಕೇಳಿದರೆ ಅವನು ಮೊಬೈಲು ತೋರಿಸಿದ. ಆ ಸಾಲಿನ ಜನರೆಲ್ಲ ರೇಸಿನ ಮೈದಾನಕ್ಕೆ ಬಂದು ಮೊಬೈಲಿನಲ್ಲಿ ರೇಸು ನೋಡುತ್ತಿದ್ದರು.

ಅವನ ಮೊಬೈಲಿನಲ್ಲೂ ಏನೋ ಮಿನುಗಿತು. ವಿದ್ಯಾವತಿಯ ಕರೆ. 'ಉಣ್ಣಾಕ ಬರ್ರಿ ಅಂತಾಳ' ಎಂದುಕೊಂಡು ಕಟ್ ಮಾಡಿದ. ಮತ್ತೆ ಬಂತು, ಮತ್ತೆ ಕಟ್ ಮಾಡಿದ. ಕೊನೆಗೆ ಫೋನನ್ನೇ ಬಂದ್ ಮಾಡಿ, ಆ ಸಂದಿಗೆ ಕಣ್ಣು ಹಚ್ಚಿ ನಿಂತ.

ಮರುದಿನ ಬೆಳಿಗ್ಗೆ ಹುಮನಾಬಾದಿನ ಅಂಗಡಿಯಲ್ಲಿ ಕೆಂಪು ಟೋಪಿ ತೆಗೆಯದೆಯೇ ಕೂತಿದ್ದ. ಪಕ್ಕದ ಗ್ಯಾರೇಜಿನ ಲಾಲ್ ಅಹ್ಮದ್ ಕೈಯ ಗ್ರೀಸು ಒರೆಸಿಕೊಳ್ಳುತ್ತ ಬಂದ.

"ಸಾವಕಾರ್ರ, ಹ್ಯಾಂಗಿತ್ರಿ ರೇಸು?"

"ಏನ್ ಹೇಳ್ಲಿ ಲಾಲಣ್ಣ! ಕಾರು ಹಿಂಗ ಮುಟ್ಟಿದ್ರ ಕೈಗಿ ಸಿಗೂ ಹಂಗಿದ್ವು. ಡ್ರೈವರನ ಮೀಸಿ ಸೈತ ಕಾಣಾಕತ್ತಿತ್ತು."

"ಹೆಲ್ಮೆಟ್ ಒಳಗಿನ ಮೀಸೀನೂ?"

ಅಷ್ಟರಲ್ಲಿ ಹೈದರಾಬಾದಿನ ಬಸ್ಸಿಳಿದ ವಿದ್ಯಾವತಿ ಕೈಯಲ್ಲೊಂದು ಗಂಟು ಹಿಡಿದು ಅಂಗಡಿ ಹೊಕ್ಕಳು.

"ಫೋನ್ ಯಾಕ ಕಟ್ ಮಾಡಿದ್ರಿ?"

"ಗದ್ದಲ ಭಾಳ ಇತ್ತು. ಯಾಕ, ಊಟಕ್ಕೇನು?"

"ಹಿಂದಕ ತಿರುಗಿ ಮ್ಯಾಲ ನೋಡ್ರಿ ಅಂತ ಹೇಳಾಕ!"

ಅಮೋಘಸಿದ್ದಪ್ಪನಿಗೆ ಅರ್ಥವಾಗಲಿಲ್ಲ. ವಿದ್ಯಾವತಿ ತನ್ನ ಮೊಬೈಲಿನ ಒಂದು ಫೋಟೊ ಮುಂದೆ ಹಿಡಿದಳು. ಚಿಗವ್ವನ ಹೊಸ ಫ್ಲ್ಯಾಟಿನ ಕಟ್ಟಡದ ಮಾಳಿಗೆ. ಸಾಲಾಗಿ ಕುರ್ಚಿಗಳು, ಚಹಾದ ಕಪ್ಪುಗಳು, ಹಪ್ಪಳ. ಕೆಳಗೆ ಹಾವಿನಂತೆ ಹರಡಿದ ಇಡೀ ರೇಸಿನ ರಸ್ತೆ, ಒಂದು ತಿರುವೂ ಬಿಡದೆ.

"ನನಗೂ ಹೋದ ಮ್ಯಾಲೇ ಗೊತ್ತಾಗಿದ್ದು. ಆ ನೀಲಿ ಕಾರಿನವ ಕಡೀ ತಿರುವಿನ್ಯಾಗ ಅವಸರ ಮಾಡಬಾರದಿತ್ತು" ಎಂದಳು ವಿದ್ಯಾವತಿ, ಹತ್ತು ವರ್ಷ ರೇಸು ನೋಡಿದವಳಂತೆ. "ಇಕಾ, ನಡುವಿನ ಖುರ್ಚಿ ನೋಡ್ರಿ. ಚಿಗವ್ವ ಗಾದಿ ಹಾಸಿ, ಅಳಿಯಂದ್ರು ಬರ್ತಾರಂತ ಯಾರಿಗೂ ಕೂಡ್ರಗೊಡಲಿಲ್ಲ. ಮುಗಿಯೂತನಾ ಖಾಲೀನೇ ಇತ್ತು."

ಅಮೋಘಸಿದ್ದಪ್ಪ ಫೋಟೊವನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡ.

ಲಾಲ್ ಅಹ್ಮದ್ ಬಗ್ಗಿ ಫೋಟೊದ ಮೂಲೆಗೆ ಬೆರಳಿಟ್ಟ. "ಅರೆ, ಕೆಳಗ ಇಲ್ಲಿ ಗ್ವಾಡಿಗಿ ಮಾರಿ ಹಚ್ಚಿ ನಿಂತಾವ ಯಾರ್ರಿ? ಕೆಂಪು..." ಎಂದವನು ಸಾವಕಾರರ ತಲೆ ನೋಡಿ, ಮಾತನ್ನು ಅಲ್ಲೇ ನುಂಗಿ, ಮೇಲಿನ ಫ್ಯಾನಿನ ಕಡೆ ಬಹಳ ಆಸಕ್ತಿಯಿಂದ ನೋಡತೊಡಗಿದ.

"ಚಿಗವ್ವನೂ ಅವನ್ನೇ ನೋಡಿ ಮರುಗಿದ್ಳು" ಎಂದಳು ವಿದ್ಯಾವತಿ ಮೆಲ್ಲಗೆ. "'ಯಾರ್ದೋ ಮನೀ ಮಗ, ಪಾಪ, ಬಿಸಲಾಗ ಗ್ವಾಡಿ ನೋಡಾಕತ್ತಾನ. ಅಳಿಯಂದ್ರು ಬರದಿದ್ರ ಅವನ್ನರ ಕರದು ಈ ಖುರ್ಚ್ಯಾಗ ಕೂಡಸೂಣೇನ' ಅಂದ್ಳು. ಅವರೇ ನಮ್ಮನಿಯವ್ರು ಅಂತ ನಾ ಹೇಳಲಿಲ್ರಿ. ನಿಮ್ಮ ಮರ್ಯಾದಿ ಉಳಸೀನಿ."

ಅಮೋಘಸಿದ್ದಪ್ಪ ಟೋಪಿ ತೆಗೆದು ಮೇಜಿನ ಕೆಳಗಿಟ್ಟ. ವಿದ್ಯಾವತಿ ಗಂಟು ಬಿಚ್ಚಿದಳು. ಒಳಗೆ ಜರಿಯಂಚಿನ ಧೋತರ, ಅದರ ಮೇಲೊಂದು ಶಾಲು.

"ಖುರ್ಚಿ ಮ್ಯಾಲ ಇಟ್ಟಿದ್ದ ಆಯೇರಿ, ಉಡುಗೊರಿ. ಅಳಿಯಂದ್ರದು ಅಳಿಯಂದ್ರಿಗೇ ಮುಟ್ಟಲಿ ಅಂತ ಕೊಟ್ಟಾಳ."

ಅವನು ಶಾಲಿನ ಮೇಲೆ ಕೈಯಾಡಿಸಿದ. ಮೆತ್ತಗಿತ್ತು. ಮದುವೆಯ ಬೆಳ್ಳಿ ತಾಟು ಇನ್ನೂ ತಿರುಗಿ ಹೋಗಿಲ್ಲ; ಈಗ ಅದರ ಮೇಲೆ ಧೋತರ, ಧೋತರದ ಮೇಲೆ ಶಾಲು, ಎಲ್ಲದರ ಮೇಲೆ ಗಾದಿ ಹಾಸಿದ ಆ ಖಾಲಿ ಕುರ್ಚಿ. ಶಾಲನ್ನು ಮಡಚಿಟ್ಟು, ಸಣ್ಣ ದನಿಯಲ್ಲಿ ಕೇಳಿದ:

"ಲಾಲಣ್ಣ, ಈಗ ಬೆಳ್ಳಿ ರೇಟು ಎಷ್ಟದ?"

"ಕೇಳಬ್ಯಾಡ್ರಿ ಸಾವಕಾರ್ರ" ಎಂದ ಲಾಲ್ ಅಹ್ಮದ್, ಫ್ಯಾನಿನಿಂದ ಕಣ್ಣು ತೆಗೆಯದೆ. "ನಿಮ್ಮ ರೇಸಿನ ಟಿಕೀಟಿಗೂ ಧೂಳ ಮುಕ್ಕಿಸಿ ಮುಂದ ಓಡಾಕತ್ತದ."