ನಾನೇ ಆರಿಸಿದ ಕುದುರೆ

ಕುದುರೆ ಕೊಳ್ಳುವ ವಿದ್ಯೆಯಲ್ಲಿ ಇಡೀ ಒಕ್ಲಹೋಮಾದಲ್ಲಿ ನನಗೆ ಸರಿಸಮಾನರಿಲ್ಲ ಎಂದು ಹೋದ ಶನಿವಾರದವರೆಗೂ ನಂಬಿದ್ದೆ. ಸುಮ್ಮನೆಯೇ? ಮೂವತ್ತು ವರ್ಷ ಗೆಳೆಯ ಡೆಲ್ಬರ್ಟ್‌ನ ಪಕ್ಕದಲ್ಲಿ ನಿಂತು ಕುದುರೆ ನೋಡಿದವನು ನಾನು! ಅವನು ಹಲ್ಲು ನೋಡುತ್ತಿದ್ದ, ಗೊರಸು ಎತ್ತುತ್ತಿದ್ದ, ಬೂಟಿನಿಂದ ಮಣ್ಣು ಕೆದಕುತ್ತಿದ್ದ. ಆಮೇಲೆ, "ಬಾ ವೆಂಡಲ್, ಪೈ ತಿನ್ನೋಣ" ಎನ್ನುತ್ತಿದ್ದ. ಅಂದರೆ ಆ ಕುದುರೆ ನನಗೆ ಬೇಡ ಎಂದು. ಹೀಗೆ ಹಣ್ಣು ತುಂಬಿದ ಆ ಸಿಹಿ ಪೈ ಹನ್ನೊಂದು ತಿಂದೆ. ಕುದುರೆ ಮಾತ್ರ ಬರಲಿಲ್ಲ.

ಮಾರ್ಚಿನಲ್ಲಿ ಡೆಲ್ಬರ್ಟ್ ತೀರಿಕೊಂಡ. ಅವನ ನೆನಪಿಗೆ ಊರಿನ ಸವಾರರೆಲ್ಲ ಚರ್ಚಿನಿಂದ ಅವನ ಹುಲ್ಲುಗಾವಲಿನವರೆಗೆ ಮೆರವಣಿಗೆ ಹೋಗುವುದೆಂದಾಯಿತು. ಅವನ ಹೆಂಡತಿ ಐವಾ ಅವನ ಟೋಪಿಯನ್ನು ನನ್ನ ಕೈಗಿಟ್ಟು, "ಎಲ್ಲರಿಗಿಂತ ಮುಂದೆ ನೀನೇ ಹೋಗಬೇಕು" ಎಂದಳು. ಎರಡು ತಿಂಗಳಲ್ಲಿ ಆಕೆ ಅಷ್ಟು ಉದ್ದದ ಮಾತಾಡಿದ್ದು ಅದೇ ಮೊದಲು. ಆ ಮೆರವಣಿಗೆಯಲ್ಲಿ ಒಂದು ಸಣ್ಣ ಎಡವಟ್ಟೂ ಆಗಬಾರದು ಎಂದುಕೊಂಡೆ.

"ಕುದುರೆ ನಾನೇ ಕೊಳ್ತೀನಿ" ಎಂದೆ ಮನೆಯಲ್ಲಿ.

"ನೀನಾ?" ಎಂದಳು ಹೆಂಡತಿ ಯೂನಿಸ್. "ಡೆಲ್ಬರ್ಟ್‌ನ ಕೇಳದೆ ನೀನು ಟೊಮೇಟೊ ಕೂಡ ಆರಿಸಿದವನಲ್ಲ."

ನಮ್ಮೂರ ಹಾಸ್ಕೆಲ್‌ನ ಬಳಿ ಕೆಂಪು ಬಣ್ಣದ, ಕ್ವಾರ್ಟರ್ ತಳಿಯ ಕುದುರೆಯೊಂದು ಮಾರಾಟಕ್ಕಿತ್ತು. ಹೆಸರು ಬಟನ್. ಅದರ ಹಲ್ಲು ನೋಡಿದೆ. ಹಲ್ಲಿನಲ್ಲಿ ಏನು ನೋಡಬೇಕೆಂದು ತಿಳಿಯದ್ದರಿಂದ ಬಹಳ ಹೊತ್ತು ನೋಡಿದೆ.

"ಹನ್ನೆರಡು ವರ್ಷ ರೋಡಿಯೋ ಪಂದ್ಯದಲ್ಲಿ ಹಗ್ಗ ಬೀಸಿ ಕರು ಹಿಡಿದ ಕುದುರೆ ಮಾರಾಯ" ಎಂದ ಹಾಸ್ಕೆಲ್. "ಹಗ್ಗದ ವಿಷಯ ಒಂದು ಹೇಳಿಬಿಡ್ತೀನಿ..."

"ಹಾಸ್ಕೆಲ್, ಕುದುರೆ ಬಗ್ಗೆ ನೀನು ನನಗೆ ಹೇಳಿಕೊಡ್ತೀಯಾ?"

ಅವನು ದುಡ್ಡು ಎಣಿಸಿಕೊಂಡು ಲಗಾಮನ್ನು ನನ್ನ ಕೈಗಿಟ್ಟ.

ಶನಿವಾರ ಬಟನ್ ಗಂಭೀರವಾಗಿ ನಡೆಯಿತು. ಜೀನಿನ ಹಿಂಬದಿಗೆ ಡೆಲ್ಬರ್ಟ್‌ನ ಟೋಪಿ, ಬೆನ್ನ ಹಿಂದೆ ನಲವತ್ತು ಕುದುರೆ, ಮುಂದೆ ನಾನೆಂಬ ಸೇನಾಧಿಪತಿ! ಹುಲ್ಲುಗಾವಲಿನ ಗೇಟು ಮಾತ್ರ ಎಂದಿನಂತೆ ಜೋತುಬಿದ್ದು ಮಣ್ಣು ಕಚ್ಚಿಕೊಂಡಿತ್ತು.

"ಕೈ ಹಚ್ಚಲಾ?" ಎಂದ ಹಾಸ್ಕೆಲ್.

"ಬೇಡ, ನೋಡ್ತಿರು."

ಹಗ್ಗದ ಒಂದು ತುದಿಯನ್ನು ಗೇಟಿಗೂ ಇನ್ನೊಂದನ್ನು ಜೀನಿನ ಮುಂದಿನ ಗೂಟದಂಥ ಕೊಂಬಿಗೂ ಬಿಗಿದು, ಕೆಳಗಿಳಿದೆ.

ಅಷ್ಟೇ. ಕರುವಿಗೆ ಹಗ್ಗ ಬಿದ್ದು, ಅದರ ಕಾಲು ಕಟ್ಟಲು ಸವಾರ ಇಳಿದರೆ, ಇಂಥ ಕುದುರೆ ಹಿಂದಕ್ಕೆ ಸರಿದು ಹಗ್ಗವನ್ನು ಬಿಗಿಯಾಗಿ ಹಿಡಿಯುತ್ತದಂತೆ. ಬಟನ್ ಸರಿಯಿತು. ಗೇಟು ಕೀಲು ಕಿತ್ತುಕೊಂಡು ಬಂತು. ಕರು ಕೊಸರಾಡುತ್ತಿದೆ ಎಂದುಕೊಂಡ ಬಟನ್ ಇನ್ನಷ್ಟು ಸರಿಯಿತು. ಭಾರ ಬಿದ್ದರೆ ನಿಂತೀತೆಂದು ನಾನು ಗೇಟಿನ ಮೇಲೆ ಹಾರಿದೆ. ಕರು ದಪ್ಪಗಿದೆ ಎಂದು ತಿಳಿದು ಬಟನ್‌ಗೆ ಹುರುಪೇ ಬಂತು! ಹಿಂದುಹಿಂದಾಗಿ ಮೆರವಣಿಗೆಯ ನಟ್ಟನಡುವೆ ನುಗ್ಗಿತು. ನಲವತ್ತು ಕುದುರೆ ನಲವತ್ತು ದಿಕ್ಕಿಗೆ ಹಾರಿದವು. ಪಾದ್ರಿಗಳು ಚರಂಡಿಗೆ ಶರಣಾದರು. ಕೊನೆಗೆ ಬಟನ್ ರಸ್ತೆ ಬದಿಯ ಬಾತುಕೋಳಿ ಕೊಳದಲ್ಲಿ ಹಿಂಭಾಗ ಮುಳುಗಿಸಿ, ಹಗ್ಗ ಸಡಿಲಿಸದೆ, ದಡದ ಕೆಸರಿನಲ್ಲಿ ಗೇಟಿನ ಪಕ್ಕ ಅಂಗಾತ ಬಿದ್ದಿದ್ದ ನನ್ನನ್ನೇ ಮೆಚ್ಚುಗೆಗಾಗಿ ನೋಡುತ್ತ ನಿಂತಿತು. ಟೋಪಿ ನೀರಿನಲ್ಲಿ ತೇಲಿತು.

"ಕಾಲು ಮೇಲೆತ್ತು ವೆಂಡಲ್" ಎಂದಳು ಯೂನಿಸ್. "ಯಾರಾದ್ರೂ ಬಂದು ಕಟ್ತಾರೆ."

ಹಾಸ್ಕೆಲ್ ನನ್ನನ್ನು ಕೆಸರಿನಿಂದ ಎತ್ತಿದ.

"ಇದನ್ನ ಯಾಕಪ್ಪಾ ನನ್ನ ತಲೆಗೆ ಕಟ್ಟಿದೆ?" ಎಂದೆ.

"ಡೆಲ್ಬರ್ಟ್ ನನ್ನ ಹತ್ರ ಮಾತು ತಗೊಂಡಿದ್ದ. 'ನಾನು ಬದುಕಿರೋವರೆಗೂ ಬಟನ್‌ನ ವೆಂಡಲ್‌ಗೆ ಮಾರಬೇಡ' ಅಂತ. ನಾನು ಮಾತು ತಪ್ಪಿಲ್ಲ, ನೋಡು."

ಟೋಪಿಗಾಗಿ ಕೊಳದ ಕಡೆ ತಿರುಗಿದೆ. ಐವಾ ಆಗಲೇ ಮೊಣಕಾಲುದ್ದ ನೀರಿಗಿಳಿದು ಟೋಪಿ ಹಿಡಿದಿದ್ದಳು. ಬೆನ್ನು ನಮ್ಮ ಕಡೆಗಿತ್ತು, ಭುಜ ಅಲುಗುತ್ತಿತ್ತು. ಅವಳನ್ನೂ ಅಳಿಸಿಬಿಟ್ಟೆನಲ್ಲ ಎಂದುಕೊಂಡೆ. ತಿರುಗಿದಾಗ ನೋಡಿದರೆ, ನಕ್ಕು ನಕ್ಕು ಆಕೆಗೆ ಉಸಿರೇ ಸಿಗುತ್ತಿರಲಿಲ್ಲ.

ದಡಕ್ಕೆ ಬಂದು ಟೋಪಿಯ ನೀರು ಚೆಲ್ಲಿದಳು. ಬಟನ್‌ನನ್ನು ಬಾಲದಿಂದ ಮೂತಿಯವರೆಗೆ ನೋಡಿದಳು. ಬೂಟಿನಿಂದ ಕೆಸರು ಕೆದಕಿದಳು.

"ಬಾ ವೆಂಡಲ್" ಎಂದಳು, "ಪೈ ತಿನ್ನೋಣ."